ಕಲ್ಯಾಣದಿಂದ ಹೋದವರು, ಮೈಸೂರಿಗೆ ಬಂದವರು

ಡೊಂಬಿವಲಿ, ಠಾಣೆಗಳ ನಡುವೆ ನಿತ್ಯವೂ ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆ ಕಲ್ಯಾಣವೆಂದರೆ ಗಾಡಿ ಬದಲಿಸುವ ಒಂದು ಜಂಕ್ಷನ್ ಮಾತ್ರ. ಆದರೆ ಭಾರತೀಯರ ವಿದೇಶ ವ್ಯಾಸಂಗದ ಚರಿತ್ರೆ ಬರೆಯುವವರು ಈ ಊರನ್ನು ದಾಟಿ ಹೋಗುವಂತಿಲ್ಲ. ಆನಂದೀಬಾಯಿ ಜೋಶಿ ಹುಟ್ಟಿದ್ದು ಇಲ್ಲಿ, 1865ರ ಮಾರ್ಚ್ 31ರಂದು. ಒಂಬತ್ತನೆಯ ವಯಸ್ಸಿಗೆ ಮದುವೆಯಾಯಿತು. ಪತಿ ಗೋಪಾಳರಾವ್ ಅಂಚೆ ಇಲಾಖೆಯ ಗುಮಾಸ್ತರು. ನಮ್ಮಲ್ಲಿ ಅನೇಕರಂತೆ ವರ್ಗಾವಣೆಯ ಆದೇಶ ಬಂದಾಗಲೆಲ್ಲ ಗಂಟುಮೂಟೆ ಕಟ್ಟಿದವರು. ಹದಿನಾಲ್ಕರಲ್ಲಿ ಹೆತ್ತ ಮಗು ತಕ್ಕ ವೈದ್ಯೋಪಚಾರವಿಲ್ಲದೆ ಹತ್ತೇ ದಿನಕ್ಕೆ ತೀರಿಕೊಂಡಿತು. ಆ ಸಂಕಟದಿಂದ ಹುಟ್ಟಿದ ಸಂಕಲ್ಪ ಆನಂದೀಬಾಯಿಯವರನ್ನು 1883ರಲ್ಲಿ ಅಮೆರಿಕಕ್ಕೆ ಕರೆದೊಯ್ದಿತು. 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜು ಅವರಿಗೆ ಎಂ.ಡಿ. ಪದವಿ ನೀಡಿತು. ಮರುವರ್ಷ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಅವರು ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು.

ಹೊರಡುವ ಮುನ್ನ ಸೆರಾಂಪುರದ ಸಭೆಯಲ್ಲಿ ಅವರು ಒಂದು ಮಾತು ಕೊಡಬೇಕಾಯಿತು: ಹಿಂದೂವಾಗಿ ಹೋಗುತ್ತೇನೆ, ಹಿಂದೂವಾಗಿಯೇ ಮರಳುತ್ತೇನೆ. ಹೋಗುವವರಿಂದ ನಮ್ಮ ಸಮಾಜ ಕೇಳಿದ್ದು ಇದನ್ನೇ: ಏನು ಬೇಕಾದರೂ ಕಲಿತು ಬಾ, ಆದರೆ ಬದಲಾಗಬೇಡ.

ಆನಂದೀಬಾಯಿ ಹುಟ್ಟಿದ 1865ರಲ್ಲಿಯೇ ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಬಿಡುಗಡೆ ಹೊಂದಿದ ಕಪ್ಪು ಜನಾಂಗಕ್ಕೆ ಬಿಳಿಯರ ಕಾಲೇಜುಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಆದುದರಿಂದ ಅವರಿಗಾಗಿಯೇ ವಿದ್ಯಾಸಂಸ್ಥೆಗಳು ತಲೆಯೆತ್ತಿದವು: 1866ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್, 1867ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್, ಅಲಬಾಮಾದ ಟ್ಯಾಲಡೀಗಾ, ಜಾರ್ಜಿಯಾದ ಮೋರ್‌ಹೌಸ್. ಆನಂದೀಬಾಯಿ ಓದಿದ ಕಾಲೇಜಿಗೂ ಈ ಚರಿತ್ರೆಗೂ ನಂಟುಂಟು. ಅಲ್ಲಿ ರೆಬೆಕ್ಕಾ ಕೋಲ್ ಎಂಬ ಕಪ್ಪು ಮಹಿಳೆ 1867ರಲ್ಲಿಯೇ ವೈದ್ಯೆಯಾಗಿದ್ದರು. ಹೊವಾರ್ಡ್‌ನಲ್ಲಿ ವೈದ್ಯಕೀಯ ಓದು ಆರಂಭಿಸಿದ ಕ್ಯಾರೊಲೈನ್ ಸ್ಟಿಲ್ 1878ರಲ್ಲಿ ಪದವಿ ಮುಗಿಸಿದ್ದೂ ಅಲ್ಲಿಯೇ. ಕಲ್ಯಾಣದ ಬ್ರಾಹ್ಮಣ ತರುಣಿ ಕುಳಿತ ಪಾಠದ ಕೊಠಡಿಗಳಲ್ಲಿ ಗುಲಾಮರ ಸಂತತಿಯ ಹೆಣ್ಣುಮಕ್ಕಳು ಮೊದಲೇ ಕುಳಿತು ಹೋಗಿದ್ದರು.

ಇಲ್ಲಿಂದ ಅಲ್ಲಿಗೆ ಹೋದವರ ಕಥೆ ನಮಗೆ ಪರಿಚಿತ. ಕಪ್ಪು ಜನರ ಆ ಕಾಲೇಜುಗಳಿಂದ ಕಲಿಯಲು ಇಲ್ಲಿಗೆ, ಅದೂ ನಮ್ಮ ಮೈಸೂರಿಗೆ, ಬಂದವರ ಕಥೆಯನ್ನು ಕನ್ನಡಿಗರಾದ ನಾವೇ ಅರಿಯೆವು.

ಜೂಲಿಯೆಟ್ ಡೆರಿಕಾಟ್ ಜಾರ್ಜಿಯಾದಲ್ಲಿ ಹುಟ್ಟಿ, ಟ್ಯಾಲಡೀಗಾ ಕಾಲೇಜಿನಲ್ಲಿ 1918ರಲ್ಲಿ ಪದವಿ ಪಡೆದವರು. 1928ರ ಕೊನೆಯಲ್ಲಿ ಜಾಗತಿಕ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟದ ಸಭೆ ಮೈಸೂರಿನಲ್ಲಿ ಸೇರಿದಾಗ ಅವರು ಪ್ರತಿನಿಧಿಯಾಗಿ ಬಂದರು. ಸಭೆ ಮುಗಿದೊಡನೆ ಹಡಗು ಹತ್ತದೆ ಏಳು ವಾರ ಭಾರತದಲ್ಲಿ ಉಳಿದರು. ಮರುವರ್ಷ ಡು ಬಾಯ್ಸ್ ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ಮೈಸೂರಿನ ಸಭೆಯ ಕುರಿತು ಬರೆದರು. ಅದು ಪ್ರವಾಸಿಯ ಬೆರಗಿನ ಬರಹವಲ್ಲ. ಭಾರತದ ಬಡತನದೊಡನೆ ಅದರ ಸಿರಿಯನ್ನೂ, ಜಾತಿಮತಗಳ ಹೋರಾಟವನ್ನೂ ಕಂಡು ನೊಂದ ಮನಸ್ಸು, ಎಣ್ಣೆ, ರಬ್ಬರು, ಸೆಣಬುಗಳ ಹಿಂದೆ ಅಡಗಿರುವ ಅರ್ಥಶಾಸ್ತ್ರವನ್ನೂ ವರ್ಣಭೇದವನ್ನೂ ಅಲ್ಲಿ ಗುರುತಿಸಿತು.

ಆ ವರ್ಷವೇ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಡೀನ್ ಆದರು. 1931ರ ನವೆಂಬರಿನಲ್ಲಿ ಜಾರ್ಜಿಯಾದ ಡಾಲ್ಟನ್ ಬಳಿ ಅವರ ಕಾರು ಅಪಘಾತಕ್ಕೀಡಾಯಿತು. ಅಲ್ಲಿಯ ಆಸ್ಪತ್ರೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬೇರೆ ಊರಿನ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಆಗ ಅವರಿಗೆ ಮೂವತ್ತನಾಲ್ಕು ವರ್ಷ.

ಆದರೆ ದಾರಿ ಅಲ್ಲಿಗೇ ನಿಲ್ಲಲಿಲ್ಲ. 1935-36ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ ಹೊವಾರ್ಡ್ ಥರ್ಮನ್ ತಮ್ಮ ಪತ್ನಿ ಸೂ ಬೇಲಿ ಥರ್ಮನ್ ಜೊತೆ ಭಾರತದಲ್ಲಿ ಸಂಚರಿಸಿ, ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ಊರಿಗೆ ಮರಳಿದ ಮೇಲೆ ಸೂ, ಕಪ್ಪು ವಿದ್ಯಾರ್ಥಿನಿಯರು ಭಾರತಕ್ಕೆ ಬಂದು ಓದುವಂತಾಗಲೆಂದು ಡೆರಿಕಾಟ್ ಹೆಸರಿನಲ್ಲಿ ವಿದ್ಯಾರ್ಥಿವೇತನ ಏರ್ಪಡಿಸಿದರು. ಅದನ್ನು ಪಡೆದ ಟ್ಯಾಲಡೀಗಾದ ಮಾರ್ಗರೆಟ್ ಬುಷ್ ಠಾಕೂರರ ವಿಶ್ವಭಾರತಿಯಲ್ಲಿ ಓದಿದರು. ಮುಂದೆ ವಕೀಲೆಯಾಗಿ, 1975ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆಯ ರಾಷ್ಟ್ರೀಯ ಮಂಡಳಿಗೆ ಅಧ್ಯಕ್ಷೆಯಾದರು.

ಇನ್ನೊಂದು ಪ್ರಸಂಗ ನಮ್ಮನ್ನು ಹೆಚ್ಚು ಕಾಡುತ್ತದೆ. 1937ರ ಜನವರಿಯಲ್ಲಿ ವೈ.ಎಂ.ಸಿ.ಎ.ಯ ವಿಶ್ವ ಸಮ್ಮೇಳನ ಮೈಸೂರಿನಲ್ಲಿ ನಡೆಯಿತು. ಹೊವಾರ್ಡ್‌ನ ಧರ್ಮಶಾಸ್ತ್ರ ವಿಭಾಗದ ಡೀನ್ ಬೆಂಜಮಿನ್ ಮೇಸ್ ಬಂದಿದ್ದರು. ಅಲ್ಲಿಯ ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ತಮ್ಮ ಮಕ್ಕಳ ಮುಂದೆ ನಿಲ್ಲಿಸಿ, ಇವರೂ ಅಮೆರಿಕದ ಒಬ್ಬ ಅಸ್ಪೃಶ್ಯರು, ಆದರೂ ಎತ್ತರಕ್ಕೆ ಏರಿದವರು ಎಂಬರ್ಥದಲ್ಲಿ ಪರಿಚಯಿಸಿದರು. ಮೇಸ್ ದಿಗ್ಭ್ರಾಂತರಾದರು. ಆಮೇಲೆ ಯೋಚಿಸಿದರು. ತಮ್ಮ ನಾಡಿನಲ್ಲಿ ಹೋಟೆಲು, ರೈಲು, ಶಾಲೆಗಳಲ್ಲಿ ತಮ್ಮ ಪಾಡು ಬೇರೇನು? ಮಾತು ನಿಜವೆಂದು ಒಪ್ಪಿಕೊಂಡರು. 1971ರ ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದಿಟ್ಟರು. 1940ರಲ್ಲಿ ಅವರು ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಕೆಲವೇ ವರ್ಷಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಎಂಬ ಹುಡುಗ ಅಲ್ಲಿ ಅವರ ಶಿಷ್ಯನಾದ.

ಮೈಸೂರಿನ ಆ ಶಾಲೆಯಲ್ಲಿ ನಡೆದದ್ದನ್ನು ನಾವು ವಿದೇಶ ವ್ಯಾಸಂಗದ ಅತ್ಯುತ್ತಮ ಪಾಠವೆಂದು ಕರೆಯುತ್ತೇವೆ. ದೂರದ ಊರಿನಲ್ಲಿ ಕೇಳಿದ ಒಂದೇ ಪದ ಮೇಸ್ ಅವರಿಗೆ ತಮ್ಮ ಮನೆಯನ್ನು ತೋರಿಸಿತು. ಆದರೆ ಆ ಪದ ನಮ್ಮದು. ಆ ಮಕ್ಕಳಿಗೆ ಬೇರೆ ಶಾಲೆ ಕಟ್ಟಬೇಕಾದ ಸ್ಥಿತಿ ತಂದದ್ದೂ ನಮ್ಮ ಸಮಾಜ. ಪರಕೀಯರೊಬ್ಬರು ಆ ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋದರು. ಕನ್ನಡಿ ನಮ್ಮ ಮನೆಯದೇ ಆದರೂ ನಾವು ಅದರ ಮುಂದೆ ನಿಲ್ಲಲಿಲ್ಲ.

ಇಂದು ಠಾಣೆಯಿಂದ, ಕಲ್ಯಾಣದಿಂದ, ನವಿಮುಂಬಯಿಯ ವಸತಿ ಸಮುಚ್ಚಯಗಳಿಂದ ನಮ್ಮವರ ಮಕ್ಕಳು ಸಾಲ ಮಾಡಿ ಅಮೆರಿಕಕ್ಕೆ ಹೊರಡುತ್ತಾರೆ. ವಿಮಾನ ನಿಲ್ದಾಣದಲ್ಲಿ ಅವರ ಕೈಗೆ ಉಪ್ಪಿನಕಾಯಿ, ಚಟ್ನಿಪುಡಿಯ ಡಬ್ಬಿಗಳೊಡನೆ ಸೆರಾಂಪುರದ ಆ ಹಳೆಯ ಷರತ್ತನ್ನೂ ಇಡುತ್ತೇವೆ: ನಮ್ಮವರಲ್ಲೇ ಇರು, ನಮ್ಮವರನ್ನೇ ಮದುವೆಯಾಗು, ಹೋದಂತೆಯೇ ಬಾ. ಅಲ್ಲಿ ಕಪ್ಪು ಸಹಪಾಠಿಯ ಕುರಿತು ಏನು ಎಚ್ಚರಿಕೆ ಹೇಳಿ ಕಳುಹಿಸುತ್ತೇವೆಂಬುದನ್ನು ನಾವೇ ನೆನೆದುಕೊಂಡರೆ ಸಾಕು.

ಆನಂದೀಬಾಯಿ ಆ ಷರತ್ತಿಗೆ ಒಪ್ಪಿ ಹೋದರು, ಏಕೆಂದರೆ ಒಪ್ಪದೆ ಹೋಗುವ ದಾರಿಯೇ ಅವರಿಗಿರಲಿಲ್ಲ. ನಮ್ಮ ಮಕ್ಕಳ ಮೇಲೆ ಅದನ್ನು ಹೇರಲು ನಮಗೆ ಅಂಥ ಕಾರಣವೇನೂ ಇಲ್ಲ. ಮೇಸ್ ಮೈಸೂರಿನಿಂದ ಕಲಿತು ಹೋದದ್ದನ್ನು ಅವರು ಅಲ್ಲಿಂದ ಕಲಿತು ಬಂದರೆ, ಮನೆಯ ಬಾಗಿಲು ತೆರೆದು ಆ ಮಾತನ್ನು ಕೇಳುವಷ್ಟಾದರೂ ನಾವು ಸಿದ್ಧರಿರಬೇಕು.