ಹಾಪ್ಸ್ ಹೂವಿನ ಘಮ, ಹೆಣ್ಮಕ್ಕಳ ಬಿಯರ್

ಬಿಯರ್ ಅಂದಕೂಡ್ಲೇ ಮಾರಿ ತಿರುವಬ್ಯಾಡ್ರಿ ಅಕ್ಕಾರ, ಕುಡೀರಿ ಅಂತ ಹೇಳಾಕ ಕುಂತಿಲ್ಲ ನಾನು. ಸಾರಾಯಿ ಎಷ್ಟು ಮನಿ ಮುಳುಗಿಸೇತಿ ಅನ್ನೋದನ್ನ ಹಾವೇರಿ, ರಾಣೇಬೆನ್ನೂರ ಹೆಣ್ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2007ರಾಗ ಅದು ನಮ್ಮ ರಾಜ್ಯದಾಗ ಬಂದ್ ಆತು. ಆದ್ರ ಬಿಯರಿನ ಇತಿಹಾಸ ತಗದು ನೋಡಿದ್ರ, ಅದು ಮೊದಲು ಅಡಗಿಮನಿ ಕೆಲಸ ಆಗಿತ್ತು.

ಇಂಗ್ಲೆಂಡಿನಾಗ 600–700 ವರ್ಷದ ಹಿಂದ, ನಾವು ರಾಗಿ ಮೊಳಕಿ ಬರಿಸಿ ಹಿಟ್ಟು ಮಾಡಿದಾಂಗ, ಹೆಂಗಸರು ಬಾರ್ಲಿ ನೆನಸಿ, ಮೊಳಕಿ ಬರಿಸಿ, ಒಣಗಿಸಿ, ಅದರ ರಸ ಹುದುಗಿಸಿ ಏಲ್ ಮಾಡ್ತಿದ್ರು. ಮನಿಮಂದಿಗೆ ಆಗಿ ಉಳಿದದ್ದನ್ನ ಓಣ್ಯಾಗ ಮಾರತಿದ್ರು. ಕೆಲವು ದಿನದಾಗ ಹುಳಿ ಬಡಿಯೋ ಮಾಲು, ದೊಡ್ಡ ವ್ಯಾಪಾರಕ್ಕ ಬರತಿರಲಿಲ್ಲ. ಹಿಂಗಾಗಿ ಹೆಣ್ಮಕ್ಕಳ ಕೈಯಾಗ ಉಳೀತು.

ಸುಮಾರು 1400ರ ಹೊತ್ತಿಗೆ ಸಮುದ್ರದಾಚಿಯಿಂದ ಹಾಪ್ಸ್ ಹಾಕಿದ ಬಿಯರ್ ಅಲ್ಲಿಗೆ ಬಂತು. ಹಾಪ್ಸ್ ಅಂದ್ರ ಒಂದು ಬಳ್ಳಿ, ಹೆಣ್ಣು ಬಳ್ಳಿ ಹೂವಷ್ಟ ಉಪಯೋಗ. ಅದರ ಕಹಿ ಪೇಯ ಕೆಡದಂಗ ಕಾಯತೈತಿ ಅಂತ 12ನೇ ಶತಮಾನದಾಗ ಜರ್ಮನಿಯ ಹಿಲ್ಡೆಗಾರ್ಡ್ ಅನ್ನೋ ಸನ್ಯಾಸಿನಿ ಬರದಿಟ್ಟಿದ್ರು. ಒಬ್ಬ ಹೆಣ್ಮಗಳು ಬರದಿಟ್ಟ ಗುಣಾನ ಹೆಣ್ಮಕ್ಕಳ ಧಂದೆಕ್ಕ ಎರವಾತು ನೋಡ್ರಿ! ಕೆಡದ ಬಿಯರನ್ನ ತಿಂಗಳುಗಟ್ಟಲೇ ಇಡಬಹುದು, ದೂರ ಕಳಸಬಹುದು. ದೊಡ್ಡ ಹಂಡೇವು, ದೊಡ್ಡ ಬಂಡವಾಳ ಬಂತು. ಸಾಲ ಸಿಗೋದು ಗಂಡಸರಿಗೆ. 1600ರ ಹೊತ್ತಿಗೆ ಹೆಂಗಸರು ಬಹಳ ಮಟ್ಟಿಗೆ ಹೊರಗ ಬಿದ್ದಿದ್ರು.

18ನೇ ಶತಮಾನದ ಕೊನೀಗೆ ಲಂಡನ್ನಿನ ಬಿಯರ್ ಹಡಗು ಹತ್ತಿ ನಮ್ಮ ದೇಶಕ್ಕ ಬರತಿತ್ತು. ಪೀಪಾಯಿಯೊಳಗೂ ಒಂದಿಷ್ಟು ಹಾಪ್ಸ್ ಹಾಕತಿದ್ರು. ಆಮ್ಯಾಲ ಇಲ್ಲೇ ಕಾರ್ಖಾನಿ ಆದ್ವು. 1915ರಾಗ ಥಾಮಸ್ ಲೀಶ್‌ಮನ್ ಐದು ಕಾರ್ಖಾನಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ, ಬೆಂಗಳೂರಿನ ಹೆಸರಾದ ಕಂಪನಿ ಅದು.

ಇಷ್ಟು ದಿನ ಹಾಪ್ಸಿನ ಮುಖ್ಯ ಕೆಲಸ ಕಹಿ ಮತ್ತ ಕಾಪು. ಘಮದ ಹುಚ್ಚು ಜೋರಾದದ್ದು ಅಮೆರಿಕಾದಾಗ. 1972ರಾಗ ಕ್ಯಾಸ್ಕೇಡ್ ಅನ್ನೋ ತಳಿ ಬಂತು, ಥೇಟ್ ಚಕ್ಕೋತದ ಸಿಪ್ಪಿ ವಾಸನಿ. 1978ರಾಗ ಮನ್ಯಾಗ ಬಿಯರ್ ಮಾಡಾಕ ಅಲ್ಲಿಯ ಕೇಂದ್ರ ಸರ್ಕಾರ ಒಪ್ಪಿಗಿ ಕೊಡ್ತು. ಬಿಯರ್ ತಿರುಗಿ ಅಡಗಿಮನಿಗೆ ಬಂತು, ಈ ಸಲ ಹೆಚ್ಚಾಗಿ ಗಂಡಸರ ಕೈಯಾಗ.

ಅವರು ಹಿಡದ ಗುಟ್ಟು ನಮ್ಮ ಸಾರಿನ ಗುಟ್ಟ. ಕಹಿ ಬೇಕಂದ್ರ ಒಂದು ತಾಸು ಕುದಿಸಬೇಕು. ಘಮ ಮಾತ್ರ ಕುದಿಸಿದಷ್ಟೂ ಹಬಿಯೊಳಗ ಹಾರಿ ಹೋಗತೈತಿ. ಹಿಂಗಾಗಿ ಒಂದು ಪಾಲು ಮೊದಲ, ಒಂದು ಪಾಲು ಒಲಿ ಆರಿಸೋ ಮುಂದ. ಮತ್ತೊಂದು ಪಾಲು ಹುದುಗಿನ ಬುರುಗು ಇಳದ ಮ್ಯಾಲ, ಆರಿದ ಬಿಯರಿಗೆ: 20 ಲೀಟರಿಗೆ 50ರಿಂದ 100 ಗ್ರಾಂ, ಮೂರ್ನಾಕು ದಿನ. ಸಾರು ಇಳಸಿದ ಮ್ಯಾಲ ಕೊತ್ತಂಬರಿ ಹಾಕು ಅಂತ ನಮ್ಮವ್ವಾರು ಬೈದು ಕಲಿಸಿದ್ದು ಇದನ್ನ ಅಲ್ಲೇನ್ರಿ?

ಹಳೀ ಹೂವು ಹಾಕಿದ್ರ ಘಮ ಅಲ್ಲ, ಹಳಸಿದ ಚೀಜಿನ ನಾತ. ಸೆಕಿ, ಗಾಳಿ, ಬೆಳಕು ಮೂರೂ ಅದಕ್ಕ ವೈರಿ. ಮೆಣಸಿನಕಾಯಿ ಬಣ್ಣ ಇಳೀಬಾರದಂತ ಬ್ಯಾಡಗ್ಯಾಗ ಚೀಲ ಚೀಲ ಕೋಲ್ಡ್ ಸ್ಟೋರೇಜಿಗೆ ಹಾಕ್ತಾರಲ್ಲ, ಹಾಂಗ ಇದನ್ನೂ ಗಾಳಿ ತಗದ ಪಾಕೀಟಿನಾಗ ತುಂಬಿ ಫ್ರೀಜರಿನಾಗ ಇಡತಾರ.

ಅಮೆರಿಕಾದಾಗಿರೋ ಮಗ, ಅಳಿಯ ಮಾಡೋದಿದ್ರ ಅಲ್ಲೇ ಮಾಡ್ಲಿ. ಇಲ್ಲಿ ಲೈಸೆನ್ಸ್ ಇಲ್ಲದ ಹಂಡೇ ಇಟ್ರ ಅಬಕಾರಿ ಮಂದಿ ಬಾಗಲಿಗೆ ಬರತಾರ.