ಗೋದಾವರಿ ಸೀಮೆಯ ಪ್ರಸೂತಿವಿದ್ಯೆ

ನಾಸಿಕವೂ, ಇಂದು ಛತ್ರಪತಿ ಸಂಭಾಜಿನಗರವೆನಿಸಿಕೊಂಡಿರುವ ಔರಂಗಾಬಾದೂ ಕನ್ನಡಿಗರಿಗೆ ತೀರ ಪರಸ್ಥಳಗಳಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೊದಲನೆಯದು ಧಾರವಾಡ, ಬೆಳಗಾವಿ, ವಿಜಾಪುರಗಳೊಡನೆ ಮುಂಬಯಿಯ ಆಡಳಿತಕ್ಕೂ, ಎರಡನೆಯದು ಕಲಬುರ್ಗಿ, ರಾಯಚೂರು, ಬೀದರಗಳೊಡನೆ ಹೈದರಾಬಾದಿಗೂ ಸೇರಿದ್ದುದರಿಂದ, ಆ ಸೀಮೆಯ ಬಸುರಿ ಬಾಣಂತಿಯರಿಗೆ ಸರಕಾರವು ಒದಗಿಸಿದ, ಅಥವಾ ಒದಗಿಸದೆ ಬಿಟ್ಟ, ಶುಶ್ರೂಷೆಯ ವೃತ್ತಾಂತವು ನಮ್ಮ ಉತ್ತರ ಕರ್ನಾಟಕದ ವೃತ್ತಾಂತವೂ ಹೌದು.

ಮರಾಠಿಯ ‘ಸುಯೀಣ’ ನಮ್ಮ ಸೂಲಗಿತ್ತಿಯೇ. ನಾಸಿಕ ಜಿಲ್ಲೆಯ ಸುರಗಾಣಾ, ಪೇಠ, ತ್ರ್ಯಂಬಕಗಳ ಬೆಟ್ಟದ ಹಾಡಿಗಳಲ್ಲಿ, ಕೋಕಣಾ, ವಾರ್ಲಿ, ಮಹಾದೇವ ಕೋಳಿ ಜನರ ನಡುವೆ, ಅತ್ತೆಯ ಬೆನ್ನ ಹಿಂದೆ ನಿಂತು ಕಲಿತ ಈಕೆಯ ಕೈಗುಣಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಕುದಿಸದ ಕುಡುಗೋಲಿನಲ್ಲಿ, ಹೊಕ್ಕುಳಿಗೆ ಹಚ್ಚಿದ ಬೂದಿಯಲ್ಲಿ. ಕೂಸಿನ ಧನುರ್ವಾಯುವೂ ಬಾಣಂತಿಯ ನಂಜೂ ಬಂದುದು ಆ ದಾರಿಯಿಂದ. ವೈಸರಾಯರ ಪತ್ನಿ ಲೇಡಿ ಕರ್ಜನ್ನರ ಪ್ರಯತ್ನದಿಂದ 1903ರಲ್ಲಿ ಹುಟ್ಟಿದ ವಿಕ್ಟೋರಿಯಾ ನಿಧಿಯು ಇಂಥ ಸೂಲಗಿತ್ತಿಯರಿಗೆ ಪಾಠ ಹೇಳಲೆಂದೇ ಏರ್ಪಟ್ಟಿತಾದರೂ, ಪಾಠವಿದ್ದುದು ಪಟ್ಟಣದ ಆಸ್ಪತ್ರೆಯಲ್ಲಿ, ಸೂಲಗಿತ್ತಿಯಿದ್ದುದು ಕಾಡಿನ ಅಂಚಿನಲ್ಲಿ. ಪುಣೆಯ ಸೇವಾಸದನದಲ್ಲಿ ರಮಾಬಾಯಿ ರಾನಡೆಯವರು ಮೇಲುಜಾತಿಯ ವಿಧವೆಯರನ್ನೂ ದಾದಿಯರ ವೃತ್ತಿಗೆ ಒಲಿಸಿದ್ದು ಸಾಹಸವೇ ಸರಿ; ಆದರೆ ಅದೂ ಪಟ್ಟಣದ ಮಾತಾಯಿತು. 1946ರಲ್ಲಿ, ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯು ಎಣಿಕೆ ಹಾಕಿದಾಗ ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸು, 60,000 ಜನಕ್ಕೆ ಒಬ್ಬ ಶಿಕ್ಷಿತ ಸೂಲಗಿತ್ತಿ!

ಈ ಅಂತರವನ್ನು ತುಂಬಲೆಂದು 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಆರಂಭವಾದ ಸಹಾಯಕ ನರ್ಸ್-ಸೂಲಗಿತ್ತಿಯರ ಶಿಕ್ಷಣವು ಕ್ರಮೇಣ ದೇಶವನ್ನೆಲ್ಲ ವ್ಯಾಪಿಸಿತು. ಕತ್ತರಿ, ಬೋಗುಣಿ, ಉಗುರುಜ್ಜುವ ಬ್ರಷ್ಷುಗಳನ್ನು ಹೊತ್ತ ಯುನಿಸೆಫ್‌ನ ಅಲ್ಯುಮಿನಿಯಂ ಪೆಟ್ಟಿಗೆಯು ಹಳ್ಳಿಗಳಿಗೆ ಬಂದುದೂ ಆ ಕಾಲದಲ್ಲಿಯೇ. ಎರಡು ವರ್ಷದ ಆ ಶಿಕ್ಷಣವನ್ನು 1977ರಲ್ಲಿ, ಕರ್ತಾರ್ ಸಿಂಗ್ ಸಮಿತಿಯ ‘ಬಹೂದ್ದೇಶ ಕಾರ್ಯಕರ್ತೆ’ಯ ಕಲ್ಪನೆಯನ್ನನುಸರಿಸಿ, ಹದಿನೆಂಟು ತಿಂಗಳಿಗೆ ಇಳಿಸಲಾಯಿತು; ಕುಟುಂಬಯೋಜನೆ, ಮಲೇರಿಯಾ, ಲಸಿಕೆಗಳ ಭಾರವೆಲ್ಲ ಒಬ್ಬಳ ಹೆಗಲಿಗೇರಿ, ತೆಳುವಾದುದು ಮಾತ್ರ ಹೆರಿಗೆಯ ಪಾಠವೇ. ಇತ್ತೀಚೆಗೆ ಮತ್ತೆ ಎರಡು ವರ್ಷವಾಗಿದೆ. ಅಡವಿಟ್ಟ ತಾಳಿಯನ್ನು ಬಿಡಿಸಿಕೊಂಡು ಬಂದವರಂತೆ ನಾವು ಅದನ್ನು ಸುಧಾರಣೆಯೆಂದು ಕರೆಯುತ್ತೇವೆ.

ಸಹಾಯಕ ನರ್ಸಿನ ಶಿಕ್ಷಣ ಹೀಗಾದರೆ, ಮೇಲಿನ ಮೆಟ್ಟಿಲಲ್ಲಿ ಔರಂಗಾಬಾದಿಗೆ 1956ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. 1998ರಲ್ಲಿ ನಾಸಿಕದಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ರಾಜ್ಯದ ನರ್ಸಿಂಗ್ ಪದವಿಯ ಕಾಲೇಜುಗಳು ಅದರ ಆಶ್ರಯಕ್ಕೆ ಬಂದುವು. ಅಕ್ಕಲಕೋಟೆಯಲ್ಲಿಯೋ ಜತ್ತಿನಲ್ಲಿಯೋ ಮನೆಯಲ್ಲಿ ಕನ್ನಡವಾಡಿ ಬೆಳೆದ ಹುಡುಗಿಯು ಇಂದು ಈ ಪದವಿಯನ್ನು ಪಡೆಯುವುದು ನಾಸಿಕದ ಮೊಹರಿನಿಂದಲೇ. ಅವಳ ಪರೀಕ್ಷೆಯ ದಿನ ಮೇಜಿನ ಮೇಲೆ ಕಟಿಯೆಲುಬು, ಬಟ್ಟೆಯ ಬೊಂಬೆ, ಸಾಲಾಗಿಟ್ಟ ಕತ್ತರಿ ಚಿಮಟಗಳಿರುತ್ತವೆ. ಕೇಸುಪುಸ್ತಕದ ಹಾಳೆಗಳಲ್ಲಿ ಅವಳು ಮಾಡಿಸಿದ ಹೆರಿಗೆಗಳ ಲೆಕ್ಕವಿರುತ್ತದೆ. ಆಷಾಢದ ರಾತ್ರಿ ಹಳ್ಳ ಬಂದು ದಾರಿ ಕಡಿದಾಗ, ನೋವು ತಿನ್ನುತ್ತಿರುವ ಚೊಚ್ಚಲ ಬಸುರಿಯನ್ನು ಉಪಕೇಂದ್ರದಲ್ಲಿಯೇ ಉಳಿಸಿಕೊಳ್ಳಬೇಕೋ ದೊಡ್ಡಾಸ್ಪತ್ರೆಗೆ ಕಳಿಸಬೇಕೋ ಎಂಬ ಪ್ರಶ್ನೆಯನ್ನು ಬೊಂಬೆ ಕೇಳುವುದಿಲ್ಲ. ಬೆಟ್ಟಸೀಮೆಯಲ್ಲಿ 3,000 ಜನಕ್ಕೆ ಒಂದರಂತೆ ನಿಗದಿಯಾದ ಆ ಉಪಕೇಂದ್ರದಲ್ಲಿ ಈ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವಳು ಹಲವೆಡೆ ಆ ಹಳೆಯ ಹದಿನೆಂಟು ತಿಂಗಳ ಪಾಠದಲ್ಲಿ ಕಲಿತುಬಂದ ಸಹಾಯಕ ನರ್ಸೇ.

ನರ್ಸಿಂಗ್ ಶಿಕ್ಷಣದ ಮೌಲ್ಯಮಾಪನಕ್ಕೆ ಹೊರಟ ಪರೀಕ್ಷಕ ಮಹಾಶಯರು ಒಂದು ಮಳೆಗಾಲವನ್ನು ಸುರಗಾಣೆಯ ಉಪಕೇಂದ್ರದಲ್ಲಿ ಕಳೆದು, ಆಮೇಲೆ ಪ್ರಶ್ನಪತ್ರಿಕೆ ಬರೆಯಲಿ.