ಬಲ್ಗೇರಿಯದ ಜಾನಪದ ಕಂಠ ಮತ್ತು ಹಿನ್ನೆಲೆ ಸಂಗೀತ

ಚಿತ್ರಗಳ ಹಿನ್ನೆಲೆಯಲ್ಲಿ ಕೇಳಿಬರುವ ಹಾಡಿಗೆ ಬಹುಮಟ್ಟಿಗೆ ಊರಿಲ್ಲ, ಹೆಸರಿಲ್ಲ. ಕಥೆಯ ಭಯಕ್ಕೋ ಬೆರಗಿಗೋ ಊಳಿಗ ಮಾಡಿ ಅದು ಮರೆಯಾಗುತ್ತದೆ. ಆದರೂ ಸೂಕ್ಷ್ಮ ಕಿವಿಯುಳ್ಳ ಕೆಲವರು ಅದರ ಜಾಡು ಹಿಡಿದು ಮೂಲವನ್ನು ತಲಪುವುದುಂಟು. ಅಂತಹ ಹಾಡುಗಳಲ್ಲಿ ಬಲ್ಗೇರಿಯದವು ವಿಚಾರಯೋಗ್ಯವಾದುವು.

1995ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಝೀನಾ’ ಎಂಬ ವೀರನಾರಿಯ ಕಥಾಮಾಲೆ ಆರಂಭವಾಯಿತು. ಸಂಗೀತ ಜೋಸೆಫ್ ಲೊಡೂಕ ಅವರದು. ಅದರ ಶೀರ್ಷಿಕೆ ಸಂಗೀತದಲ್ಲಿ ಹೆಂಗಸರ ತೀಕ್ಷ್ಣವಾದ ಮೇಳಗಾನ ಮೊಳಗುತ್ತದೆ. ಬಲ್ಗೇರಿಯದ ಧ್ವನಿಮುದ್ರಿಕೆಗಳನ್ನು ಕೇಳಿಬಲ್ಲ ಅಭಿಮಾನಿಗಳು ಅದರಲ್ಲಿ ‘ಕವಲ್ ಸ್ವಿರಿ’ ಎಂಬ ಗೀತೆಯನ್ನು ಗುರುತಿಸಿದರು. ಕವಲ್ ಎಂದರೆ ಕುರಿಗಾಹಿಗಳ ಕೊಳಲು. ಗೀತೆಯ ವಸ್ತು ಯುದ್ಧವಲ್ಲ. ಕೊಳಲ ನಾದಕ್ಕೆ ಮನಸೋತ ಹುಡುಗಿ ತಾಯಿಯೊಡನೆ ಆಡುವ ಮಾತು. ಅದನ್ನು ಮೇಳಕ್ಕೆ ಅಳವಡಿಸಿದವರು ಪೇತರ್ ಲ್ಯೋಂದೆವ್.

ಇಂತಹ ಪ್ರೇಮಗೀತೆ ಅನ್ಯರಿಗೆ ಮೈ ಜುಮ್ಮೆನ್ನಿಸುವುದೇಕೆ? ಕಾರಣವಿರುವುದು ಹಾಡುವ ರೀತಿಯಲ್ಲಿ. ಪಶ್ಚಿಮ ಬಲ್ಗೇರಿಯದ ಶೋಪ್ ಸೀಮೆಯಲ್ಲಿ ಒಬ್ಬಳು ರಾಗವೆತ್ತಿದರೆ ಉಳಿದವರು ಶ್ರುತಿಯಂತೆ ಕೆಳಗಿನ ಸ್ವರವನ್ನು ಹಿಡಿಯುತ್ತಾರೆ. ಎರಡು ದನಿಗಳೂ ಷಡ್ಜ ಋಷಭಗಳಷ್ಟು ಸಮೀಪ ಬಂದು ಒಂದನ್ನೊಂದು ಉಜ್ಜುತ್ತವೆ. ನಮಗೆ ಅಪಸ್ವರವೆನಿಸುವುದೇ ಅವರಿಗೆ ಇಂಪು. ಫಿಲಿಪ್ ಕುತೆವ್ 1951ರಲ್ಲಿ ಸ್ಥಾಪಿಸಿದ ರಾಜ್ಯ ಮೇಳವೂ ಅಲ್ಲಿನ ರೇಡಿಯೋದ ಮಹಿಳಾ ಮೇಳವೂ ಈ ಕಂಠವನ್ನು ವೇದಿಕೆಗೆ ತಂದವು. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಸೆಲ್ಲಿಯೆ 1975ರಲ್ಲಿ ಹೊರತಂದ ಧ್ವನಿಮುದ್ರಿಕೆಗೆ ‘ಬಲ್ಗೇರಿಯದ ದನಿಗಳ ರಹಸ್ಯ’ ಎಂಬರ್ಥದ ಹೆಸರಿತ್ತು. ರಹಸ್ಯವೆಂಬುದು ಹೊರಗಿನವರ ಮಾತು. ಹಾಡಿದ ಹೆಂಗಸರಿಗೆ ಅದು ತವರಿನ ಹಾಡು.

ಅದೇ 1995ರ ಜಪಾನೀ ಚಿತ್ರ ‘ಗೋಸ್ಟ್ ಇನ್ ದ ಷೆಲ್’ಗೆ ಕೆಂಜಿ ಕವಾಯಿ ಬಲ್ಗೇರಿಯದ ಮೇಳಗಾನವನ್ನು ಮನಸ್ಸಿನಲ್ಲಿಟ್ಟು, ತಮ್ಮ ನಾಡಿನ ಜಾನಪದ ಗಾಯಕಿಯರಿಂದ ಹಾಡಿಸಿದರು. ಅದರ ನುಡಿ ಪ್ರಾಚೀನ ಜಪಾನೀ. ವಸ್ತು ಮದುವೆಯ ಮಂಗಳ. ಪುರಾತನವೆಂದು ತೋರುವ ಆ ಗೀತೆ ಹೊಸ ರಚನೆ. ಕಿವಿಯ ಸಾಕ್ಷ್ಯವೊಂದೇ ಸಾಲದೆಂಬುದು ಇದರಿಂದ ವಿದಿತವಾಗುತ್ತದೆ.

ಹೆಸರು ಉಳಿಸಿಕೊಂಡ ಹಾಡೂ ಇದೆ. ಗ್ರೀಸಿನ ಗಡಿಗೆ ಹೊಂದಿದ ರೊಡೋಪಿ ಪರ್ವತಸೀಮೆಯ ವಾಲ್ಯ ಬಾಲ್ಕಾನ್‌ಸ್ಕಾ, ತುರ್ಕರ ಆಳಿಕೆಯ ವಿರುದ್ಧ ಬಂಡೆದ್ದ ದೆಲ್ಯೋನನ್ನು ಕುರಿತು ಹಾಡಿದರು. ಬೇರಾವ ಆಯುಧವೂ ತಾಕದ ಅವನನ್ನು ಬೆಳ್ಳಿಯ ಗುಂಡಿನಿಂದ ಕೊಂದರೆಂದು ಐತಿಹ್ಯ. 1977ರಲ್ಲಿ ವಾಯೇಜರ್ ನೌಕೆಗಳೊಡನೆ ಆ ಹಾಡು ಅಂತರಿಕ್ಷಕ್ಕೆ ಹೋಯಿತು. ಅದೇ ಮುದ್ರಿಕೆಯಲ್ಲಿ ಗೋವೆಯ ಕೇರಿ ಗ್ರಾಮದಲ್ಲಿ ಜನಿಸಿದ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ.

ಗಡಿಯ ಗೆರೆಗಳನ್ನು ಹಾಡು ಸುಲಭವಾಗಿ ದಾಟುತ್ತದೆ; ದಾಟುವಾಗ ಹೆಸರನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಸೊಲ್ಲಾಪುರದ ಕಡೆಯ ಬೀಸುವ ಪದವನ್ನಾಗಲಿ, ಕಾಸರಗೋಡಿನ ಪಾಡ್ದನವನ್ನಾಗಲಿ ಸಂಗ್ರಹಿಸುವ ಶಿಕ್ಷಕಬಂಧುಗಳು ಹಾಡಿನೊಡನೆ ಹಾಡಿದವರ ಹೆಸರು, ಊರು, ದಿನ, ಸಂದರ್ಭಗಳನ್ನೂ ಬರೆದಿಡತಕ್ಕದ್ದು. ನಾಳೆ ಯಾವುದೋ ಚಿತ್ರದ ಹಿನ್ನೆಲೆಯಲ್ಲಿ ಅದು ಕೇಳಿಬಂದರೆ, ಇದು ಇಂಥವರ ಹಾಡೆಂದು ಹೇಳಲು ಆಧಾರವಿರುವುದು ಆ ಬರವಣಿಗೆಯೊಂದೇ.